ದಣಿದ ಕಲ್ಲುಗಳ ಊರಿನಲ್ಲಿ

ಅರವತ್ತು ತುಂಬಿದ ಮೇಲೆ ಬೆನ್ನಿಗೆ ಚೀಲ ಕಟ್ಟಿಕೊಂಡು ಭೂಮಂಡಲದ ಆಚೆಯ ಮಗ್ಗುಲಿಗೆ ಹೊರಡುವುದು ಯಾವ ಆಶ್ರಮಕ್ಕೆ ಸೇರಿದ ಧರ್ಮವೆಂದು ನಮ್ಮ ಮನೆಯಾಕೆಯು ಕೇಳಿದಳು. ವಾನಪ್ರಸ್ಥವೆಂದೆವು. ವಾನಪ್ರಸ್ಥಕ್ಕೆ ಹೊರಟವರು ಹೆಂಡತಿಯನ್ನೂ ಕರೆದೊಯ್ಯಬಹುದೆಂದು ಶಾಸ್ತ್ರದಲ್ಲಿ ಇದೆಯಷ್ಟೆ, ಎಂದು ಆಕೆಯು ಮರುನುಡಿದಳು. ಮೂವತ್ತೈದು ವರ್ಷ ಮಕ್ಕಳಿಗೆ ಸಂಸ್ಕೃತವನ್ನು ಹೇಳಿಕೊಟ್ಟ ನಮಗೆ ಅಲ್ಲಿಗೆ ಮಾತು ನಿಂತುಹೋಯಿತು. ಆಕೆಗೆ ಮಂಡಿಯ ನೋವು ಇಲ್ಲದಿದ್ದರೆ ಈ ಕಥೆಯನ್ನು ನಮಗಿಂತ ಚೆನ್ನಾಗಿ ಆಕೆಯೇ ಹೇಳುತ್ತಿದ್ದಳು.

೨೦೨೫ನೆಯ ಇಸವಿಯ ಮೇ ತಿಂಗಳಲ್ಲಿ ನಾವು ದಕ್ಷಿಣ ಅಮೆರಿಕಾ ಖಂಡದ ಪೆರು ದೇಶಕ್ಕೆ ಹೋಗಿಬಂದ ಸಂಗತಿಯನ್ನು ನಮ್ಮ ಓದುಗರಲ್ಲಿ ಕೆಲವರು ಬಲ್ಲರು. ಅದನ್ನು ಕುರಿತು ಬರೆಯಿರೆಂದು ಕಾಗದಗಳೂ ಬಂದುವು. ಇಷ್ಟು ತಡವಾದುದಕ್ಕೆ ಸೋಮಾರಿತನವು ಕಾರಣವಲ್ಲ. ಬರೆಯಬೇಕಾದುದರಲ್ಲಿ ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಂಡಿತ್ತು.

ಈ ಪ್ರಯಾಣವು ನಮ್ಮದಲ್ಲ, ನಮ್ಮ ತಮ್ಮನ ಮಗನದು. ಅವನು ಇಪ್ಪತ್ತನಾಲ್ಕರ ತರುಣ. ಇಂಕಾ ಅರಸರು ಹಾಸಿದ ಕಲ್ಲುದಾರಿಯಲ್ಲಿ ನಾಲ್ಕು ದಿನ ನಡೆದು ಮಾಚು ಪಿಚ್ಚು ಎಂಬ ಪಾಳುಪಟ್ಟಣವನ್ನು ಸೇರಬೇಕೆಂಬುದು ಅವನ ಕಾಲೇಜಿನ ದಿನಗಳ ಹಂಬಲ. ಅದಕ್ಕಾಗಿ ಎರಡು ವರ್ಷ ಸ್ಪ್ಯಾನಿಷ್ ಭಾಷೆಯನ್ನು ಕಲಿತನು, ಸಂಬಳದಲ್ಲಿ ಉಳಿಸಿದನು. ಆ ದಾರಿಯಲ್ಲಿ ದಿನಕ್ಕೆ ೫೦೦ ಮಂದಿಗೆ ಮಾತ್ರ ಅಪ್ಪಣೆ. ಮಾರ್ಗದರ್ಶಕರೂ ಹೊರೆಯಾಳುಗಳೂ ಆ ಲೆಕ್ಕದಲ್ಲಿಯೇ ಸೇರುವರು. ಚೀಟಿಯು ಒಬ್ಬರ ಹೆಸರಿನಲ್ಲಿದ್ದುದು ಇನ್ನೊಬ್ಬರಿಗೆ ಸಲ್ಲದು, ಒಂದು ದಿನದ್ದು ಮತ್ತೊಂದು ದಿನಕ್ಕೆ ಸಲ್ಲದು. ತಿಂಗಳುಗಳ ಮುಂಚೆಯೇ ಅವನು ಹಣ ಕಟ್ಟಿ ತನ್ನ ಹೆಸರನ್ನು ಬರೆಯಿಸಿದ್ದನು. ಒಬ್ಬನೇ ಹೋಗಕೂಡದೆಂದು ನಮ್ಮ ತಮ್ಮನು ಹಟ ಹಿಡಿದುದರಿಂದ ಎರಡನೆಯ ಹೆಸರು ನಮ್ಮದಾಯಿತು.

ಇಂಕಾ ಜನರ ರಾಜಧಾನಿಯಾಗಿದ್ದ ಕುಸ್ಕೊ ನಗರವು ೩,೪೦೦ ಮೀಟರು, ಎಂದರೆ ಹನ್ನೊಂದು ಸಾವಿರ ಅಡಿಗೂ ಮಿಗಿಲಾದ ಎತ್ತರದಲ್ಲಿ ಇರುವುದು. ನಮ್ಮಲ್ಲಿ ಕೇದಾರಕ್ಷೇತ್ರವು ೩,೫೮೩ ಮೀಟರು; ಹೋಗಿಬಂದವರಿಗೆ ಆ ಗಾಳಿಯ ತೆಳುವು ನೆನಪಿರಬಹುದು. ಸಮುದ್ರತೀರದ ಲೀಮಾ ನಗರದಿಂದ ವಿಮಾನವು ಒಂದೂಕಾಲು ಗಂಟೆಯಲ್ಲಿ ಮನುಷ್ಯನನ್ನು ಕುಸ್ಕೊವಿಗೆ ಎತ್ತಿ ಹಾಕುವುದು. ಅಲ್ಲಿ ವಾಯುಭಾರವು ಸಮುದ್ರಮಟ್ಟದಲ್ಲಿರುವುದರ ಮೂರರಲ್ಲಿ ಎರಡು ಪಾಲು ಮಾತ್ರ. ಕಾಲುಗಂಟೆ ನಡೆದರೆ ಎದೆಯು ತಿದಿಯಂತೆ ಹೊಡೆದುಕೊಳ್ಳುವುದು. ಬೆನ್ನ ಮೇಲಿನ ಒಂಬತ್ತು ಕಿಲೋಗ್ರಾಮು ಎರಡು ಮಣದಂತೆ ತೋರುವುದು.

ಆ ಊರಿನ ಬೀದಿಗಳಲ್ಲಿ ಕೆಳಗೆ ಇಂಕಾ ಗೋಡೆ, ಮೇಲೆ ಸ್ಪೇನಿನವರ ಮನೆ. ಗಾರೆಯಿಲ್ಲದೆ ಒಂದರೊಳಗೊಂದು ಕೂಡಿಕೊಂಡ ಆ ಕಲ್ಲುಗಳ ಸಂದಿನಲ್ಲಿ ಚಾಕುವಿನ ಅಲಗನ್ನೂ ತೂರಿಸುವುದು ಕಷ್ಟ. ಕಬ್ಬಿಣದ ಉಳಿಯನ್ನು ಕಾಣದ, ಗಾಲಿಯ ಬಂಡಿಯಿಲ್ಲದ ಜನರು ಗಟ್ಟಿಯಾದ ಗುಂಡುಕಲ್ಲುಗಳಿಂದ ಕುಟ್ಟಿ ಕುಟ್ಟಿ ಇವನ್ನು ಹೀಗೆ ಹೊಂದಿಸಿದರು. ಸೂರ್ಯನ ಗುಡಿಯಾಗಿದ್ದ ಕೊರಿಕಾಂಚಾದ ಮೇಲೆ ಸ್ಪೇನಿನವರು ಕ್ರೈಸ್ತ ಮಠವನ್ನು ಕಟ್ಟಿದರು. ೧೯೫೦ರ ಮೇ ತಿಂಗಳ ಭೂಕಂಪದಲ್ಲಿ ಮಠದ ಬಹುಭಾಗವು ಕುಸಿಯಿತು. ಅಡಿಯ ಗೋಡೆಯು ಕದಲದೆ ಬೆಳಕಿಗೆ ಬಂದಿತು. ಹನ್ನೆರಡು ಮೂಲೆಗಳುಳ್ಳ ಪ್ರಸಿದ್ಧವಾದ ಒಂದು ಕಲ್ಲು ಬೀದಿಯ ಗೋಡೆಯೊಂದರಲ್ಲಿದೆ. ಭೂಕಂಪಗಳಿಗೆ ಜಗ್ಗದ ಆ ಕಲ್ಲಿಗೆ ೨೦೨೫ರ ಫೆಬ್ರವರಿಯ ಒಂದು ರಾತ್ರಿ ಯಾವನೋ ಸುತ್ತಿಗೆಯಿಂದ ಹೊಡೆದು ಚಕ್ಕೆ ಎಬ್ಬಿಸಿದನು. ಆ ಗಾಯವನ್ನು ನಾವು ನೋಡಿದೆವು.

ನಮಗೆ ಗೋಡೆಗಳಿಗಿಂತ ಹೆಚ್ಚು ಕುತೂಹಲವಿದ್ದುದು ಕಿಪು ಎಂಬ ಗಂಟಿನ ದಾರಗಳಲ್ಲಿ. ಆ ಜನರಿಗೆ ನಮ್ಮ ಲಿಪಿಗಳಂತಹ ಬರಹವಿರಲಿಲ್ಲ. ಒಂದು ಅಡ್ಡದಾರಕ್ಕೆ ಇಳಿಬಿಟ್ಟ ಎಳೆಗಳಲ್ಲಿ ಗಂಟು ಹಾಕಿ ಇಡೀ ರಾಜ್ಯದ ಲೆಕ್ಕವನ್ನು ಇಟ್ಟರು. ಎಳೆಯ ತುದಿಯಲ್ಲಿ ಬಿಡಿ, ಅದರ ಮೇಲೆ ಹತ್ತು, ಅದರ ಮೇಲೆ ನೂರು. ಸೊನ್ನೆಯಿರುವ ಸ್ಥಾನದಲ್ಲಿ ಗಂಟಿಲ್ಲ. ಇದು ದಶಮಾನ ಸ್ಥಾನಪದ್ಧತಿಯೇ ಎಂಬುದನ್ನು ೧೯೧೨ರಲ್ಲಿ ಲೀಲೆಂಡ್ ಲಾಕ್ ಎಂಬ ವಿದ್ವಾಂಸನು ತೋರಿಸಿಕೊಟ್ಟನು. ಲೆಕ್ಕವಲ್ಲದೆ ಕಥೆಯೂ ಆ ಗಂಟುಗಳಲ್ಲಿ ಇದೆಯೆ ಎಂಬ ಚರ್ಚೆಯು ಇನ್ನೂ ತೀರಿಲ್ಲ. ಬರೆಯದೆಯೇ ವೇದವನ್ನು ಸಾವಿರಾರು ವರ್ಷ ಬಾಯಲ್ಲಿ ಉಳಿಸಿಕೊಂಡ ಪರಂಪರೆಯಲ್ಲಿ ಓದಿದವರಿಗೆ, ಲಿಪಿಯಿಲ್ಲದವರನ್ನು ಅನಾಗರಿಕರೆಂದು ಕರೆಯಲು ನಾಲಗೆ ಬಾರದು. ಗಾಜಿನ ಪೆಟ್ಟಿಗೆಯ ಮುಂದೆ ನಾವು ಒಂದು ಗಂಟೆಯ ಹೊತ್ತು ನಿಂತೆವು. ಹುಡುಗನು ಹೊರಗೆ ಬೆಂಚಿನ ಮೇಲೆ ಕುಳಿತಿದ್ದನು. ಬೇಸರವೆಂದುಕೊಂಡೆವು. ಅದು ತಲೆನೋವು.

ಮೂರನೆಯ ದಿನ ಊರಿನ ಮೇಲುಗಡೆಯ ಸಾಕ್ಸಾಯ್‌ವಾಮಾನ್ ಎಂಬ ಕೋಟೆಯಂತಹ ಕಟ್ಟಡಕ್ಕೆ ಹತ್ತಿದೆವು. ಅಂಕುಡೊಂಕಾಗಿ ಮೂರು ಸಾಲಿನಲ್ಲಿ ನಿಂತ ಅದರ ಪ್ರಾಕಾರದಲ್ಲಿ ನೂರು ಟನ್ನಿಗೂ ಮೀರಿದ ಬಂಡೆಗಳುಂಟು. ಹುಡುಗನು ಮೆಟ್ಟಲುಗಳನ್ನು ಓಡಿಯೇ ಏರಿದನು. ನಾವು ನಾಲ್ಕು ಸಲ ಕುಳಿತೆವು. ಇದಕ್ಕಿಂತ ಐನೂರು ಮೀಟರು ಮೇಲಿನ ಕಣಿವೆಬಾಯೊಂದನ್ನು ಆ ನಾಲ್ಕು ದಿನದ ನಡಿಗೆಯಲ್ಲಿ ದಾಟಬೇಕು. ಅದರ ಎತ್ತರವು ೪,೨೧೫ ಮೀಟರು. ನಾಲ್ಕನೆಯ ಸಲ ಕುಳಿತಾಗ ನಮಗೆ ನಮ್ಮ ಅಳತೆಯು ತಿಳಿದುಹೋಯಿತು. ಯಾರಿಗೂ ಹೇಳಲಿಲ್ಲ.

ಆ ರಾತ್ರಿ ಹುಡುಗನು ಊಟ ಮಾಡಲಿಲ್ಲ. ಎರಡು ಸಲ ವಾಂತಿಯಾಯಿತು. ಬೆಳಗಾಗುವಾಗ ಗೋಡೆಯನ್ನು ಹಿಡಿದು, ಕುಡಿದವನಂತೆ ಹೆಜ್ಜೆಯಿಡುತ್ತ ಬಚ್ಚಲಿಗೆ ಹೋದನು. ಮೊದಲ ದಿನದಿಂದಲೂ ತಲೆ ಸಿಡಿಯುತ್ತಿತ್ತೆಂದೂ, ಹೇಳಿದರೆ ನಡಿಗೆಯನ್ನು ನಿಲ್ಲಿಸುವಿರೆಂದು ಮುಚ್ಚಿಟ್ಟೆನೆಂದೂ ಆಗ ಒಪ್ಪಿಕೊಂಡನು. ವೈದ್ಯರ ಬಳಿಗೆ ಕರೆದೊಯ್ದೆವು. ಅವರು ಪ್ರಾಣವಾಯುವನ್ನು ಕೊಟ್ಟು ಮಲಗಿಸಿ, ನಮ್ಮನ್ನು ಪಕ್ಕಕ್ಕೆ ಕರೆದು ಇಂಗ್ಲಿಷಿನಲ್ಲಿ ಎರಡು ಮಾತು ಹೇಳಿದರು. ನಾವು ಹೊರಗೆ ಬಂದು ಹುಡುಗನಿಗೆ ಹೇಳಿದುದು ಒಂದೇ ಮಾತು: “ನಾವು ಇಳಿದುಬಿಡೋಣ, ಮಗು. ನಡಿಗೆ ಬೇಡ.”

ಅವನು ವಾದಿಸಿದನು. “ನಡಿಗೆ ಶುರುವಾಗುವುದೇ ತಗ್ಗಿನಲ್ಲಿ, ದೊಡ್ಡಪ್ಪ. ಇನ್ನೂ ಮೂರು ದಿನವಿದೆ. ಅಷ್ಟರಲ್ಲಿ ಗುಣವಾಗುತ್ತದೆ.” ನಾವು ಒಪ್ಪಲಿಲ್ಲ. “ನಿಮಗೆ ಹೆದರಿಕೆ” ಎಂದನು. ಹುಟ್ಟಿದಂದಿನಿಂದ ಅವನು ನಮಗೆ ಎದುರಾಡಿದುದು ಅದೇ ಮೊದಲು.

ಇಲ್ಲಿ ಗೃಹಸ್ಥರಿಗೆ ಉಪಯೋಗವಾಗುವ ನಾಲ್ಕು ಮಾತನ್ನು ಹೇಳಿ ಮುಂದೆ ಹೋಗುವೆವು. ಕೇದಾರಕ್ಕೋ ಲಡಾಖಿಗೋ ಮಕ್ಕಳೊಡನೆ ಹೋಗುವವರು ನಮ್ಮಲ್ಲಿ ಬಹಳವಾಗಿರುವರು. ಎತ್ತರದ ಈ ಬೇನೆಯು ವಯಸ್ಸನ್ನೂ ತೋಳ್ಬಲವನ್ನೂ ನೋಡುವುದಿಲ್ಲ. ಗಟ್ಟಿಮುಟ್ಟಾದ ತರುಣನು ಅವಸರದಿಂದ ಏರಿ ಬೀಳುವನು. ಮೆಲ್ಲನೆ ನಡೆಯುವ ಮುದುಕನು ಉಳಿಯುವನು. ಮೂರು ಸಾವಿರ ಮೀಟರಿನ ಮೇಲೆ ಮಲಗುವ ಜಾಗವನ್ನು ದಿನಕ್ಕೆ ಐನೂರು ಮೀಟರಿಗಿಂತ ಹೆಚ್ಚಾಗಿ ಏರಿಸಬಾರದು. ತಲೆನೋವು, ಅರುಚಿ, ನಿದ್ರೆಗೇಡು ಕಂಡರೆ ಅಲ್ಲಿಯೇ ನಿಲ್ಲಬೇಕು. ಹೆಜ್ಜೆ ತಪ್ಪಿದರೆ, ಕುಳಿತಲ್ಲಿಯೂ ಉಬ್ಬಸ ಬಂದರೆ, ರಾತ್ರಿಯಾದರೂ ಸರಿ, ಇಳಿಯಬೇಕು. ಅಲ್ಲಿಯ ವಸತಿಗೃಹಗಳಲ್ಲಿ ಕೋಕಾ ಎಲೆಯ ಕಷಾಯವನ್ನು ಕೊಡುವರು. ಆ ದೇಶದಲ್ಲಿ ಅದಕ್ಕೆ ತಡೆಯಿಲ್ಲ. ಆದರೆ ಇಳಿಯುವುದಕ್ಕೆ ಅದು ಬದಲಲ್ಲ. ಅದರ ಒಂದೆಲೆಯನ್ನೂ ಊರಿಗೆ ತರಕೂಡದು, ನಮ್ಮಲ್ಲಿ ಅದು ಅಪರಾಧ.

ಕುಸ್ಕೊವಿನಿಂದ ಇಳಿಯಬೇಕಾದರೆ ಮೊದಲು ಏರಬೇಕೆಂಬುದು ಆ ಸೀಮೆಯ ವಿನೋದ. ಬಾಡಿಗೆಯ ಮೋಟಾರು ಚಿಂಚೆರೊ ಎಂಬ ಇನ್ನೂ ಎತ್ತರದ ಊರನ್ನು ಹಾದು, ಬಳಿಕ ಉರುಬಾಂಬಾ ನದಿಯ ಕಣಿವೆಗೆ ಸುತ್ತಿ ಸುತ್ತಿ ಇಳಿಯಿತು. ಎರಡು ಗಂಟೆಗಳಲ್ಲಿ ಒಯಾಂಟಾಯ್‌ಟಾಂಬೊ ಎಂಬ ಊರನ್ನು ಸೇರಿದೆವು. ಅದರ ಎತ್ತರವು ೨,೮೦೦ ಮೀಟರಿಗೆ ಸ್ವಲ್ಪ ಕಡಮೆ. ಹುಡುಗನು ಕೋಣೆಗೆ ಹೋಗಿ ಗೋಡೆಯ ಕಡೆಗೆ ತಿರುಗಿ ಮಲಗಿದನು. ಸ್ಪ್ಯಾನಿಷ್ ಬಲ್ಲವನು ಅವನೊಬ್ಬನೇ ಆದುದರಿಂದ, ಅವನು ಮೌನವನ್ನು ಹಿಡಿದೊಡನೆ ನಾವು ಮೂಕರಾದೆವು.

ಮೂಕರಾಗಿ ನೋಡಿದ ಊರದು. ಇದು ಪಾಳಲ್ಲ. ಇಂಕಾ ಕಾಲದ ಬೀದಿಗಳಲ್ಲಿಯೇ ಜನರು ವಾಸಿಸುವರು. ಇಂಕಾ ಕಾಲದ ಬಾಗಿಲುವಾಡದಲ್ಲಿಯೇ ಮಕ್ಕಳು ಶಾಲೆಗೆ ಹೊರಡುವರು. ಒಂದು ಅಂಗಳದ ಸುತ್ತ ಮೂರು ನಾಲ್ಕು ಮನೆಗಳು, ಹೊರಗೆ ಒಂದೇ ಬಾಗಿಲು. ನಮ್ಮ ತೊಟ್ಟಿಮನೆಗಳಲ್ಲಿ ಹುಟ್ಟಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೀದಿಯ ಅಂಚಿನಲ್ಲಿ ಕಲ್ಲಿನ ಕಾಲುವೆ. ಮಂಜುಬೆಟ್ಟದ ನೀರು ಹಗಲೂ ರಾತ್ರಿಯೂ ಗುಳುಗುಳು ಹರಿಯುವುದು. ೧೫೩೭ರಲ್ಲಿ ಮಾಂಕೊ ಇಂಕಾ ಎಂಬ ಅರಸನು ಇಲ್ಲಿಯೇ ಸ್ಪೇನಿನ ಕುದುರೆಪಡೆಯನ್ನು ಹಿಮ್ಮೆಟ್ಟಿಸಿದನು. ನೀರನ್ನು ಬಯಲಿಗೆ ತಿರುಗಿಸಿ ಕುದುರೆಗಳ ಕಾಲು ಹೂತುಹೋಗುವಂತೆ ಮಾಡಿದನೆಂದು ಹೇಳುವರು.

ಊರಿನ ನೆತ್ತಿಯ ಮೇಲೆ ಸೂರ್ಯನ ಗುಡಿಯೊಂದು ಅರ್ಧಕ್ಕೆ ನಿಂತಿದೆ. ಗುಲಾಬಿಬಣ್ಣದ ಆರು ಭಾರಿ ಕಲ್ಲುಗಳು ಸಾಲಾಗಿ ನಿಂತಿವೆ. ಅವನ್ನು ತಂದ ಗಣಿಯು ನದಿಯ ಆಚೆಯ ಬೆಟ್ಟದಲ್ಲಿ. ಆ ಬೆಟ್ಟದಿಂದ ಇಳಿಸಿ, ನದಿಯನ್ನು ದಾಟಿಸಿ, ಈ ಬೆಟ್ಟಕ್ಕೆ ಏರಿಸಬೇಕು. ಎಳೆಯುವುದಕ್ಕೆ ಎತ್ತಿಲ್ಲ, ಕುದುರೆಯಿಲ್ಲ. ಕೆಲಸವು ನಡುವೆ ನಿಂತುದರಿಂದ ಹಲವು ಕಲ್ಲುಗಳು ದಾರಿಯಲ್ಲಿಯೇ ಬಿದ್ದಿವೆ. ಸ್ಥಳದವರು ಅವನ್ನು ದಣಿದ ಕಲ್ಲುಗಳೆಂದು ಕರೆಯುವರು. ಒಂದರ ಮೇಲೆ ಕುಳಿತು ನಾವು ಬಹಳ ಹೊತ್ತು ಗುಡಿಯ ಕಡೆಗೆ ನೋಡಿದೆವು. ಆ ಮಾತನ್ನು ಮೊದಲು ಆಡಿದವನು ಕಲ್ಲು ಎಳೆದವನೇ ಇರಬೇಕು. ಎಳೆಸಿದವನಿಗೆ ಅದು ತೋಚದು.

ಎರಡನೆಯ ದಿನ ಹುಡುಗನ ತಲೆನೋವು ಇಳಿಯಿತು, ಹಸಿವಾಯಿತು. ನಾವು ಇಳಿದುಕೊಂಡಿದ್ದ ಮನೆಯೊಡತಿಯನ್ನು ಎಲ್ಲರೂ ಮಾಮಾಯ್ ಎಂದು ಕರೆಯುತ್ತಿದ್ದರು. ‘ನನ್ನ ತಾಯೇ’ ಎಂದು ಅದರ ಅರ್ಥವಂತೆ. ಆಕೆಯು ನಮಗೆ ಬೇಯಿಸಿದ ಆಲೂಗೆಡ್ಡೆ, ದೊಡ್ಡಕಾಳಿನ ಜೋಳದ ತೆನೆ, ಗಿಣ್ಣು ಇವನ್ನು ಇಟ್ಟಳು. ಆಲೂಗೆಡ್ಡೆಯ ತವರು ಈ ಬೆಟ್ಟಗಳೇ ಎಂಬುದನ್ನು ನಮ್ಮ ಪಲ್ಯದ ಬಾಣಲೆಯು ಮರೆತಿದೆ. ಕಪ್ಪು, ನೇರಿಳೆ, ಕೆಂಪು, ಹಳದಿ, ಎಷ್ಟು ಬಗೆ! ಚುನ್ಯೊ ಎಂಬ ಒಂದು ಪದಾರ್ಥವನ್ನು ಗೃಹಿಣಿಯರು ಕೇಳಬೇಕು. ಸಣ್ಣ ಗೆಡ್ಡೆಗಳನ್ನು ರಾತ್ರಿಯ ಹಿಮದಲ್ಲಿ ಹೆಪ್ಪುಗಟ್ಟಿಸಿ, ಹಗಲು ಬಿಸಿಲಿಗೆ ಬಿಟ್ಟು, ಕಾಲಿನಿಂದ ತುಳಿದು ನೀರನ್ನು ಹಿಂಡಿ, ಮತ್ತೆ ಒಣಗಿಸುವರು. ನಮ್ಮ ಸಂಡಿಗೆಯಂತೆ ಬಿಸಿಲಿನ ಕೆಲಸ. ಆದರೆ ಇದಕ್ಕೆ ಹಿಮವೂ ಬೇಕು. ಕೆಡದೆ ವರ್ಷಗಟ್ಟಲೆ ನಿಲ್ಲುವುದು. ಎದುರಿನ ಬೆಟ್ಟದ ಮಗ್ಗುಲಲ್ಲಿ ಗಾಳಿಗೆ ಒಡ್ಡಿ ಕಟ್ಟಿದ ಇಂಕಾ ಕಣಜಗಳು ಇನ್ನೂ ನಿಂತಿವೆ. ಅಡುಗೆಯ ಮನೆಯ ನೆಲದಲ್ಲಿ ಇಲಿಗಿಂತ ದೊಡ್ಡವಾದ ಮುದ್ದುಪ್ರಾಣಿಗಳು ಕೀಚುಗುಟ್ಟುತ್ತಿದ್ದುವು. ಸಾಕಿಕೊಂಡಿರುವರೆಂದು ನಾವು ಒಂದಕ್ಕೆ ಹುಲ್ಲು ತಿನ್ನಿಸಿದೆವು. ಹಬ್ಬದ ಅಡುಗೆಗೆಂದು ತಿಳಿದ ಮೇಲೆ ಆ ಕಡೆಗೆ ನೋಡಲಿಲ್ಲ.

ಆಕೆಯ ಮಗಳು ಶಾಲೆಯ ಉಪಾಧ್ಯಾಯಿನಿ. ಮಾಸ್ತರರು ಮಾಸ್ತರರನ್ನು ಕಂಡರೆ ಭಾಷೆಯು ಅಡ್ಡಿಯಾಗದು. ಆದರೂ ಹುಡುಗನು ಮನಸ್ಸು ಕರಗಿ ನಡುವೆ ಕುಳಿತು ಮಾತನ್ನು ತಿರುಗಿಸಿ ಹೇಳಿದನು. ಅವರ ಮನೆಮಾತು ಕೆಚುವಾ, ಇಂಕಾ ಅರಸರ ರಾಜಭಾಷೆ. ೧೯೭೫ರಲ್ಲಿ ಪೆರು ಸರ್ಕಾರವು ಅದಕ್ಕೆ ಅಧಿಕೃತ ಸ್ಥಾನವನ್ನು ಕೊಟ್ಟಿತು. ೨೦೧೭ರ ಜನಗಣತಿಯಲ್ಲಿ ಮೂವತ್ತೇಳು ಲಕ್ಷಕ್ಕೂ ಹೆಚ್ಚು ಮಂದಿ ಅದನ್ನು ತಾಯಿನುಡಿಯೆಂದು ಬರೆಯಿಸಿದರು. ಮನೆಗೆ ‘ವಾಸಿ’ ಎಂದು ಹೆಸರೆಂದು ಕೇಳಿ ನಾವು ‘ವಸ್’ ಧಾತುವೆಂದು ಹಿಗ್ಗಿದೆವು. ಅದು ಘುಣಾಕ್ಷರನ್ಯಾಯವಷ್ಟೆ, ಹುಳು ಕೊರೆದುದರಲ್ಲಿ ಅಕ್ಷರ ಕಂಡಂತೆ. ‘ವಾಸಿಕುನಾಪಿ’ ಎಂದರೆ ಮನೆಗಳಲ್ಲಿ: ವಾಸಿ ಮನೆ, ಕುನಾ ಬಹುವಚನ, ಪಿ ಸಪ್ತಮಿ. ಕನ್ನಡದಂತೆಯೇ ಪ್ರತ್ಯಯದ ಮೇಲೆ ಪ್ರತ್ಯಯ, ಕ್ರಿಯಾಪದವು ಸಾಮಾನ್ಯವಾಗಿ ಕೊನೆಯಲ್ಲಿ. ಇಷ್ಟರಿಂದ ನಂಟನ್ನು ಕಲ್ಪಿಸುವ ಸಾಹಸಿಗಳು ನಾವಲ್ಲ. ಆದರೆ ಆಕೆಯು ಹೇಳಿದ ಇನ್ನೊಂದು ಸಂಗತಿಯು ನಮ್ಮನ್ನು ಕುಟುಕಿತು. ಅವರಲ್ಲಿ ‘ನಾವು’ ಎಂಬುದಕ್ಕೆ ಎರಡು ಮಾತು. ‘ನೋಕಾಂಚಿಸ್’ ಎಂದರೆ ಕೇಳುತ್ತಿರುವ ನೀನೂ ಸೇರಿದ ನಾವು. ‘ನೋಕಾಯ್ಕು’ ಎಂದರೆ ನಿನ್ನನ್ನು ಬಿಟ್ಟ ನಾವು. ತೆಲುಗಿನ ಮನಮು, ಮೇಮು ಎಂಬಂತೆ. ಸಂಸ್ಕೃತದಲ್ಲಿ ‘ನಾವಿಬ್ಬರು’ ಎನ್ನುವುದಕ್ಕೆ ದ್ವಿವಚನವುಂಟು, ಈ ಭೇದವಿಲ್ಲ. ಕುಸ್ಕೊವಿನಲ್ಲಿ “ನಾವು ಇಳಿದುಬಿಡೋಣ” ಎಂದೆವಲ್ಲ, ಆ ‘ನಾವು’ ಯಾವುದು?

ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಇದು. ವೈದ್ಯರು ಹೇಳಿದ ಎರಡು ಮಾತುಗಳಲ್ಲಿ ಮೊದಲನೆಯದು, ಕೂಡಲೇ ಇಳಿಯಿರಿ ಎಂಬುದು. ಎರಡನೆಯದು, ತಗ್ಗಿನಲ್ಲಿ ಎರಡು ದಿನ ತಲೆನೋವಿಲ್ಲದೆ ನೆಟ್ಟಗೆ ನಡೆದನಾದರೆ ನನ್ನನ್ನು ಕೇಳಿ, ಮುಂದಿನದನ್ನು ಆಗ ನೋಡೋಣ ಎಂಬುದು. ಎರಡನೆಯದನ್ನು ನಾವು ಹುಡುಗನಿಗೆ ಹೇಳಲಿಲ್ಲ. ಅವನ ಕ್ಷೇಮಕ್ಕಾಗಿ ಹೇಳಲಿಲ್ಲವೆಂದರೆ ಅರ್ಧ ಸತ್ಯವಾದೀತು. ಸಾಕ್ಸಾಯ್‌ವಾಮಾನಿನ ಮೆಟ್ಟಲ ಮೇಲೆ ನಾಲ್ಕು ಸಲ ಕುಳಿತವರು ನಾವು. ಆ ನಡಿಗೆಯು ನಿಂತುದರಿಂದ ನಮಗೆ ಒಳಗೊಳಗೆ ಬಿಡುಗಡೆಯಾಯಿತು. ದೂರವಾಣಿಯಲ್ಲಿ ಕೇಳಿದ್ದರೆ ವೈದ್ಯರು ಬೇಡವೆಂದೇ ಹೇಳುತ್ತಿದ್ದರೇನೋ. ನಾವು ಕೇಳಲಿಲ್ಲ.

ನಡಿಗೆಯ ದಿನ ಬೆಳಗ್ಗೆ ಯಾತ್ರಿಕರ ವಾಹನಗಳು ಆ ಊರಿನ ಚೌಕದಲ್ಲಿಯೇ ನಿಂತುವು. ದಾರಿಯ ಬಾಗಿಲು ಅಲ್ಲಿಂದ ದೂರವಿಲ್ಲ. ಹೊರೆಯಾಳುಗಳು ಗುಡಾರ, ಒಲೆ, ಅಡುಗೆಯ ಸಾಮಾನುಗಳನ್ನು ಕಟ್ಟುತ್ತಿದ್ದರು. ಅವರ ಹೊರೆಯು ೨೦ ಕಿಲೋಗ್ರಾಮನ್ನು ಮೀರಬಾರದೆಂದು ೨೦೦೧ರಲ್ಲಿ ಶಾಸನವಾಯಿತು. ದಾರಿಯ ಬಾಗಿಲಲ್ಲಿ ತೂಕ ಹಾಕುವರು. ಅದಕ್ಕೆ ಮೊದಲು ಎಷ್ಟು ಹೊತ್ತರೋ ಅವರ ಬೆನ್ನಿಗೇ ಗೊತ್ತು. ಇಷ್ಟು ಹೊತ್ತು ತಂದವರು ಸಾಮಾನ್ಯವಾಗಿ ಮಾಚು ಪಿಚ್ಚುವಿನ ಒಳಕ್ಕೆ ಬರುವುದೇ ಇಲ್ಲ. ಕೊನೆಯ ದಿನ ಬೇರೆ ದಾರಿಯಿಂದ ಇಳಿದು ರೈಲನ್ನು ಹಿಡಿಯುವರು. ಹುಡುಗನು ಕೈಯಲ್ಲಿ ಬಿಸಿಯಾದ ಲೋಟವನ್ನು ಹಿಡಿದು, ಗುಣವಾದ ಮೈಯಲ್ಲಿ ನೆಟ್ಟಗೆ ನಿಂತು, ಅವರೆಲ್ಲರೂ ಹೊರಟುಹೋಗುವುದನ್ನು ನೋಡಿದನು. ಹೇಳುವುದಕ್ಕೆ ಅದೇ ಹೊತ್ತು. ಬಾಯಿ ಬರಲಿಲ್ಲ.

ಮಾಚು ಪಿಚ್ಚುವಿಗೆ ನಾವು ರೈಲಿನಲ್ಲಿ ಹೋದೆವು. ಕುಸ್ಕೊವಿಗಿಂತ ಅದು ಸುಮಾರು ಸಾವಿರ ಮೀಟರು ತಗ್ಗಿನಲ್ಲಿರುವುದು. ಬೆಟ್ಟದ ತುದಿಯ ಚಿತ್ರವನ್ನು ನೋಡಿದವರು ಇದನ್ನು ನಂಬುವುದಿಲ್ಲ. ಹದಿನೈದನೆಯ ಶತಮಾನದಲ್ಲಿ ಕಟ್ಟಿ, ನೂರು ವರ್ಷದೊಳಗೇ ಬಿಟ್ಟುಹೋದ ಪಟ್ಟಣ. ೧೯೧೧ರ ಜುಲೈ ತಿಂಗಳಲ್ಲಿ ಹೈರಮ್ ಬಿಂಗಮ್ ಎಂಬ ಅಮೆರಿಕದವನು ಇದನ್ನು ಕಂಡುಹಿಡಿದನೆಂದು ನಾವು ಪಾಠ ಹೇಳಿದ್ದುಂಟು. ಅವನು ಬಂದಾಗ ಅಲ್ಲಿಯ ಮೆಟ್ಟಲುಗದ್ದೆಗಳಲ್ಲಿ ರೈತರು ಬೆಳೆ ತೆಗೆಯುತ್ತಿದ್ದರು. ಆಗಸ್ಟೀನ್ ಲಿಸಾರಾಗ ಎಂಬ ಆ ಸೀಮೆಯವನು ೧೯೦೨ರಲ್ಲಿಯೇ ಗೋಡೆಯ ಮೇಲೆ ತನ್ನ ಹೆಸರನ್ನು ಬರೆದುಹೋಗಿದ್ದನು. ನಮ್ಮ ಹಳೆಯ ವಿದ್ಯಾರ್ಥಿಗಳು ಇದನ್ನು ಓದಿದರೆ ತಿದ್ದಿಕೊಳ್ಳಲಿ. ಬಿಂಗಮನು ಕೊಂಡೊಯ್ದ ಪದಾರ್ಥಗಳು ೨೦೧೧ರಿಂದೀಚೆಗೆ ಕುಸ್ಕೊವಿಗೆ ಮರಳಿವೆ.

ಮಂಜು ಸರಿದಾಗ ಪಟ್ಟಣವು ಕಂಡಿತು. ಗೋಪುರಗಳ ಮೆರೆತವಿಲ್ಲ, ಬೆಟ್ಟವನ್ನೇ ಅನುಸರಿಸಿ ಇಳಿಯುವ ಮೆಟ್ಟಲುಗದ್ದೆಗಳು, ಹುಲ್ಲುಮಾಡು ಹಾರಿಹೋದ ಮನೆಗಳು, ಕಾಲುವೆಯಲ್ಲಿ ನೀರು. ಹುಡುಗನು ಅದನ್ನು ನೋಡಲಿಲ್ಲ. ಎದುರಿನ ಏಣಿನಲ್ಲಿ ಇಂತಿ ಪುಂಕು, ಎಂದರೆ ಸೂರ್ಯನ ಬಾಗಿಲು, ಕಾಣುವುದು. ನಡೆದು ಬಂದವರು ಪಟ್ಟಣವನ್ನು ಮೊದಲು ನೋಡುವುದು ಅಲ್ಲಿಂದ. ಇರುವೆಸಾಲಿನಂತೆ ಅವರು ಇಳಿಯುತ್ತಿದ್ದರು. ಅವನು ಅವರನ್ನು ಒಬ್ಬೊಬ್ಬರಾಗಿ ಎಣಿಸುವವನಂತೆ ನೋಡಿ, ಬಳಿಕ ನಮ್ಮ ಚೀಲವನ್ನು ಕೇಳದೆಯೇ ತನ್ನ ಹೆಗಲಿಗೆ ಹಾಕಿಕೊಂಡು, “ಇನ್ನೊಂದು ಸಲ ಬರೋಣ, ದೊಡ್ಡಪ್ಪ. ಆಗ ಕುಸ್ಕೊವಿನಲ್ಲಿ ಒಂದು ವಾರ ಸುಮ್ಮನೆ ಕೂರೋಣ” ಎಂದನು. ಬರುತ್ತೇನೆ ಎನ್ನಲಿಲ್ಲ, ಬರೋಣ ಎಂದನು.

ಈ ಸಂಚಿಕೆಯು ಎಂದಿನಂತೆ ನಮ್ಮ ತಮ್ಮನ ಮನೆಗೂ ಹೋಗುವುದು. ಹುಡುಗನು ನಮ್ಮ ಅಂಕಣವನ್ನು ತಪ್ಪದೆ ಓದುವನು.